ಕಚ್ಚಿಕೊಂಡು ಬಂದ ಮರಿಗೆ ಬೈಬೇಡಿ: ರಿಟ್ರೀವರ್ ಮರಿಯ ತರಬೇತಿ

[ದೃಶ್ಯ: ಶಿರಸಿ ಹತ್ತಿರದ ಹಳ್ಳಿ ಮನೆ. ಅಂಗಳದ ತುಂಬ ಒಣಗಲು ಹಾಕಿದ ಅಡಿಕೆ. ಲ್ಯಾಬ್ರಡಾರ್ ಮರಿಯೊಂದು ಏನೋ ಕಚ್ಚಿಕೊಂಡು ಜಗಲಿ ಕಡೆ ಬರುತ್ತಿದೆ.]

ನಮಸ್ಕಾರ. ಈ ಹತ್ತು ಸೆಕೆಂಡನ್ನು ಇನ್ನೊಂದು ಸಲ ನೋಡಿ. ಪಕ್ಕದ ಮನೆ ಹುಡುಗ ಮೊಬೈಲಲ್ಲಿ ತೆಗೆದದ್ದು. ಇದು ನಮ್ಮ ಬೆಲ್ಲ, ಮನೆಗೆ ಬಂದು ಎರಡು ವಾರ ಆಗಿತ್ತು ಅಷ್ಟೆ. ಬಾಯಲ್ಲಿ ಒಂದು ಅಡಿಕೆ ಇದೆ. ಬಾಲ ಮೇಲೆ, ಹೆಜ್ಜೆಯಲ್ಲಿ ಕುಣಿತ. ಎಲ್ಲಿಗೆ ಬರುತ್ತಿದೆ ಗಮನಿಸಿ. ನೇರ ನಮ್ಮ ಹತ್ತಿರಕ್ಕೇ.

ಆಮೇಲೇನಾಯ್ತು? ನಾನು ‘ಏಯ್, ಬಿಡು!’ ಅಂತ ಕೂಗಿದೆ. ತಂಗಿ ಓಡಿ ಬಂದಳು. ಅಪ್ಪ ಅಡಿಕೆ ಹರಗುವ ಕೋಲು ಹಿಡಿದೇ ಎದ್ದರು. ಮರಿ ಗಕ್ಕನೆ ನಿಂತಿತು, ತಿರುಗಿತು, ತೋಟದ ಕಡೆ ಓಡಿತು.

ಹೆದರಿದ್ದಕ್ಕೆ ಕಾರಣ ಇತ್ತು. ಅಡಿಕೆಯಲ್ಲಿ ಅರೆಕೋಲಿನ್ ಅನ್ನುವ ಅಂಶ ಇರುತ್ತದೆ. ಹಿಂದೆ ನಾಯಿಗಳ ಲಾಡಿಹುಳು ಹೊರಗೆ ಹಾಕಲು ಅದನ್ನೇ ಔಷಧಿಯಾಗಿ ಕೊಡುತ್ತಿದ್ದರು. ಮರಿ ಅಡಿಕೆ ಜಗಿದರೆ ಜೊಲ್ಲು, ವಾಂತಿ, ಭೇದಿ ಶುರುವಾಗಬಹುದು. ತೆಗೆಯಲೇಬೇಕಿತ್ತು, ನಿಜ. ಆದರೆ ತೆಗೆಯಲು ಹೋದ ರೀತಿ ಪೂರ್ತಿ ತಪ್ಪು. ಒಳಗಿಂದ ಆಯಿ ಒಂದೇ ಮಾತು ಹೇಳಿದಳು: “ಅದ್ರ ಹಿಂದೆ ಓಡಡ ತಮಾ, ಇಲ್ಲೇ ಕೂತ್ಕ.” ಕೂತೆ. ಒಂದು ನಿಮಿಷವೂ ಆಗಿರಲಿಲ್ಲ, ಬೆಲ್ಲ ತಾನಾಗಿ ವಾಪಸ್ ಬಂತು. ಅಡಿಕೆ ಇನ್ನೂ ಬಾಯಲ್ಲೇ ಇತ್ತು.

ಈ ವಿಡಿಯೋ ಪೂರ್ತಿ ಆ ಒಂದು ಕ್ಷಣದ ಬಗ್ಗೆ. ರಿಟ್ರೀವರ್ ಮರಿ ಏನನ್ನಾದರೂ ಕಚ್ಚಿಕೊಂಡು ನಿಮ್ಮ ಹತ್ತಿರ ಬಂದಾಗ ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ ಮುಂದಿನ ಎಲ್ಲಾ ತರಬೇತಿ ನಿಂತಿದೆ. ಮನೆ ನಾಯಿಗೂ ಅದೇ, ಶಿಕಾರಿ ನಾಯಿಗೂ ಅದೇ.

[ದೃಶ್ಯ: ನೀರಿನಿಂದ ಹೊರಬರುತ್ತಿರುವ ಲ್ಯಾಬ್ರಡಾರ್. ದಪ್ಪ ಬಾಲ, ಬೆರಳ ನಡುವಿನ ಚರ್ಮ ಹತ್ತಿರದಿಂದ.]

ರಿಟ್ರೀವರ್ ಅಂದರೆ ಹುಡುಕಿ ತಂದುಕೊಡುವ ನಾಯಿ. ಲ್ಯಾಬ್ರಡಾರ್ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯಲ್ಲಿ ಮೀನುಗಾರರ ಜೊತೆ ಇದ್ದವು. ಬಲೆಯ ಹಗ್ಗ ಎಳೆಯುವುದು, ಗಾಳದಿಂದ ತಪ್ಪಿಸಿಕೊಂಡ ಮೀನು ಹಿಡಿಯುವುದು ಅವುಗಳ ಕೆಲಸ. 19ನೇ ಶತಮಾನದಲ್ಲಿ ಬ್ರಿಟನ್ನಿಗೆ ಹೋದವು. ಅಲ್ಲಿ ಬಾತುಕೋಳಿ ಶಿಕಾರಿಗೆ ಪಳಗಿಸಿದರು. 1903ರಲ್ಲಿ ಅಲ್ಲಿನ ಕೆನಲ್ ಕ್ಲಬ್, ಅಂದರೆ ನಾಯಿ ತಳಿಗಳ ದಾಖಲೆ ಇಡುವ ಸಂಸ್ಥೆ, ಬೇರೆ ತಳಿ ಅಂತ ಒಪ್ಪಿಕೊಂಡಿತು. ಗೋಲ್ಡನ್ ರಿಟ್ರೀವರ್ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ, 1868ರ ಸುಮಾರಿಗೆ.

ಒಂದು ತಪ್ಪು ತಿಳುವಳಿಕೆ ತುಂಬಾ ಜನರಲ್ಲಿದೆ. ಶಿಕಾರಿ ನಾಯಿ ಅಂದರೆ ಅಟ್ಟಿಸಿಕೊಂಡು ಹೋಗಿ ಹಿಡಿಯುವ ನಾಯಿ ಅಂತ. ನಮ್ಮ ಮುಧೋಳ ನಾಯಿ ಹಾಗೆ, ಕಣ್ಣಿಗೆ ಬಿದ್ದದ್ದರ ಹಿಂದೆ ಓಡುತ್ತದೆ. ರಿಟ್ರೀವರ್ ಕೆಲಸವೇ ಬೇರೆ. ಕೋವಿ ಸದ್ದಾದಾಗ ಅದು ಸುಮ್ನೆ ಕೂತಿರಬೇಕು. ಹಕ್ಕಿ ಎಲ್ಲಿ ಬಿತ್ತು ಅಂತ ನೋಡಿಟ್ಟುಕೊಳ್ಳಬೇಕು. ಹೇಳಿದ ಮೇಲಷ್ಟೇ ಹೋಗಬೇಕು. ಹುಡುಕಿ, ಹಲ್ಲು ತಾಗಿಸದೆ ಎತ್ತಿ, ನೇರ ಬಂದು ಕೈಗೆ ಕೊಡಬೇಕು. ಓಡುವುದಕ್ಕಿಂತ ಕಾಯುವುದೇ ಜಾಸ್ತಿ.

ಹಾಗಂತ ನಾವಿಲ್ಲಿ ಶಿಕಾರಿಗೆ ಹೋಗುವ ಮಾತೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಹಿಡಿಯಲು ನೋಡುವುದು ಕೂಡ ಬೇಟೆಯೇ. ‘ನಮ್ಮ ನಾಯಿ ಬೆಟ್ಟದಲ್ಲಿ ಮೊಲ ಹಿಡಿತು’ ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶ ಇರುವ ಜಿಲ್ಲೆ ನಮ್ಮದು. ಈ ಕಾಡಿನ ಕಾಡುಕೋಳಿ, ಮೊಲ, ಕಬ್ಬೆಕ್ಕು ಯಾವುದೂ ನಮ್ಮ ನಾಯಿಯ ಆಟಕ್ಕೆ ಇರುವುದಲ್ಲ. ಬ್ರಿಟನ್ನಿನಲ್ಲೇ ಹಕ್ಕಿಯ ಬದಲು ಬಟ್ಟೆಯ ಡಮ್ಮಿ ಎಸೆದು ನಡೆಸುವ ಸ್ಪರ್ಧೆಗಳಿವೆ. ಒಂದು ಹಕ್ಕಿಯೂ ಸಾಯದೆ ನಾಯಿಯ ಎಲ್ಲಾ ಬುದ್ಧಿಗೂ ಕೆಲಸ ಸಿಗುತ್ತದೆ. ನಾವು ಮಾಡುವುದೂ ಅದನ್ನೇ.

[ದೃಶ್ಯ: ಉದ್ದ ಜಗಲಿ. ಬಾಗಿಲುಗಳು ಮುಚ್ಚಿವೆ. ಒಂದು ತುದಿಯಲ್ಲಿ ಮರಿ ಮಲಗುವ ಗೋಣಿಚೀಲ.]

ಮರಿ ತರುವಾಗ ಕನಿಷ್ಠ 8 ವಾರ ಆಗಿರಲಿ. ತಾಯಿ, ಒಡಹುಟ್ಟಿದ ಮರಿಗಳ ಜೊತೆ ಇದ್ದಾಗಲೇ ಎಷ್ಟು ಜೋರಾಗಿ ಕಚ್ಚಬಾರದು ಅಂತ ಕಲಿಯುವುದು. ಲಸಿಕೆ ಪಟ್ಟಿಯನ್ನು ಪಶುವೈದ್ಯರ ಹತ್ತಿರ ಬರೆಸಿಕೊಳ್ಳಿ. ಪಾರ್ವೊ (ಮರಿಗಳಿಗೆ ಬರುವ ಜೋರು ವಾಂತಿಭೇದಿ ರೋಗ) ಮತ್ತು ರೇಬೀಸ್ ಎರಡರ ಲಸಿಕೆಯನ್ನೂ ತಪ್ಪಿಸಬೇಡಿ. ಲಸಿಕೆ ಮುಗಿಯುವ ತನಕ ಬೀದಿಯ ನೆಲಕ್ಕೆ ಬಿಡಬೇಡಿ, ಆದರೆ ಎತ್ತಿಕೊಂಡು ಹೊರಗೆ ಹೋಗಿ. ಬಸ್ಸು, ಮಕ್ಕಳು, ಕೊಡೆ, ಹಸು, ಮಿಕ್ಸಿ ಸದ್ದು ಎಲ್ಲವನ್ನೂ 14 ವಾರದ ಒಳಗೆ ನೋಡಿ ಕೇಳಿ ಅಭ್ಯಾಸ ಆಗಬೇಕು.

ಇನ್ನೊಂದು, ಮನೆಯವರೆಲ್ಲ ಒಂದೇ ಮಾತು ಬಳಸಿ. ನಮ್ಮನೆಯಲ್ಲಿ ಅಪ್ಪ ‘ಕುಳ್ಳು’, ತಂಗಿ ‘ಸಿಟ್’, ನಾನು ‘ಕೂತ್ಕೋ’ ಅನ್ನುತ್ತಿದ್ದೆವು. ಪಾಪ, ಮರಿ ಮೂವರ ಮುಖ ನೋಡುತ್ತಿತ್ತು. ಕೊನೆಗೆ ನಾಲ್ಕು ಮಾತು ಚೀಟಿಯಲ್ಲಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದೆವು: ಕೂರು, ತಡಿ, ತಾ, ಕೊಡು.

ಈಗ ಮುಖ್ಯ ಪಾಠ. ಹಳೆ ಕಾಲುಚೀಲದೊಳಗೆ ಬಟ್ಟೆ ತುಂಬಿ ಬಾಯಿ ಕಟ್ಟಿ. ಇದೇ ನಮ್ಮ ಮೊದಲ ಡಮ್ಮಿ. ಕಟ್ಟಿಗೆ ಚೂರು ಬೇಡ, ಗಂಟಲಿಗೆ ಚುಚ್ಚುತ್ತದೆ. ಕಲ್ಲು, ಕರಟ ಬೇಡ. ಚಪ್ಪಲಿಯಂತೂ ಬೇಡವೇ ಬೇಡ, ಹಳೆಯದು ಯಾವುದು ಹೊಸದು ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಮರಿ ತನಗೆ ಸಿಕ್ಕಿದ್ದನ್ನು ಸಾಮಾನ್ಯವಾಗಿ ಮಲಗುವ ಜಾಗಕ್ಕೆ ಒಯ್ಯುತ್ತದೆ. ಹಾಗಾಗಿ ಆ ಗೋಣಿಚೀಲದ ಪಕ್ಕದಲ್ಲೇ ನೀವು ನೆಲಕ್ಕೆ ಕೂತುಕೊಳ್ಳಿ. ಕಾಲುಚೀಲವನ್ನು ನಾಲ್ಕು ಮಾರು ದೂರ ಎಸೆಯಿರಿ. ಮರಿ ಓಡಿ ಎತ್ತುತ್ತದೆ. ತಿರುಗಿ ತನ್ನ ಜಾಗಕ್ಕೆ ಹೊರಡುತ್ತದೆ. ದಾರಿಯಲ್ಲಿ ನೀವಿದ್ದೀರಿ.

[ದೃಶ್ಯ: ಕೈ ಮತ್ತು ಮರಿಯ ಗದ್ದ ಮಾತ್ರ. ನಿಧಾನ ಚಲನೆ.]

ಕೈ ನೋಡಿ. ಬಾಯಿಗೆ ಕೈ ಹಾಕಿಲ್ಲ. ಮೇಲಿಂದ ಕೈ ತಂದೂ ಇಲ್ಲ. ಮೊದಲು ಎದೆ ತುರಿಸುತ್ತಿದ್ದೇನೆ. ಕಾಲುಚೀಲದ ಕಡೆ ಕಣ್ಣೂ ಹಾಕುತ್ತಿಲ್ಲ. ಮರಿ ಹಿಡಿದುಕೊಂಡೇ ನಿಂತಿದೆ, ಖುಷಿಯಲ್ಲಿದೆ. ಐದಾರು ಸೆಕೆಂಡ್ ಹಾಗೇ ಇರಲಿ. ಈಗ ಅಂಗೈ ಮೇಲೆ ಮಾಡಿ ಗದ್ದದ ಕೆಳಗೆ ಇಟ್ಟೆ. ‘ಕೊಡು.’ ಇನ್ನೊಂದು ಕೈಯಲ್ಲಿ ಬೇಯಿಸಿದ ಕ್ಯಾರೆಟ್ ಚೂರು ಮೂಗಿನ ಹತ್ತಿರ. ನೋಡಿ, ಬಾಯಿ ತಾನಾಗಿ ಸಡಿಲ ಆಯ್ತು. ಕಾಲುಚೀಲ ಅಂಗೈಗೆ ಬಿತ್ತು.

ಇದರಲ್ಲಿ ಎಳೆದಾಟ ಎಲ್ಲೂ ಇಲ್ಲ. ನೀವು ಎಳೆದರೆ ಅದು ಬಿಗಿಹಿಡಿಯುತ್ತದೆ. ಬಿಗಿಹಿಡಿಯುವುದು ಅಭ್ಯಾಸವಾದರೆ ಹಲ್ಲು ತಾಗಿಸದೆ ಹಿಡಿಯುವ ಮೃದುವಾದ ಬಾಯಿ ಹಾಳಾಗುತ್ತದೆ. ಹೀಗೆ ಕಲಿತ ಮರಿ ಮುಂದೆ ಅಡಿಕೆ ತಂದರೂ ಕೊಡುತ್ತದೆ, ಮಾತ್ರೆ ಪಟ್ಟಿ ಕಚ್ಚಿದರೂ ತಂದು ಕೊಡುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ ಅಂತ ನನ್ನ ನಂಬಿಕೆ. ಮಗು ಕೈ ಚಾಚಿದರೆ ನಾಯಿ ಗುರ್ ಅನ್ನುವ ಬದಲು ಕಚ್ಚಿಕೊಂಡದ್ದನ್ನು ಬಿಟ್ಟುಕೊಡುವ ಸಾಧ್ಯತೆ ಹೆಚ್ಚು.

ದಿನಕ್ಕೆ ಮೂರೇ ಸಲ ಎಸೆಯಿರಿ. ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸಿ. ನಾಲ್ಕರಿಂದ ಆರು ತಿಂಗಳಲ್ಲಿ ಹಲ್ಲು ಬದಲಾಗುತ್ತವೆ, ಒಸಡು ನೋಯುತ್ತದೆ. ಆಗ ಎಸೆಯುವ ಆಟವನ್ನೇ ನಿಲ್ಲಿಸಿ.

[ದೃಶ್ಯ: ಗದ್ದೆ ಬಯಲು. ಬೆಲ್ಲ ಕೂತಿದೆ. ಡಮ್ಮಿ ಹಾರಿ ಹುಲ್ಲಿಗೆ ಬೀಳುತ್ತದೆ. ಬೆಲ್ಲ ಅಲ್ಲಾಡುವುದಿಲ್ಲ.]

ಮುಂದಿನದು ಕಾಯುವುದು. ಇಲ್ಲಿ ನಾನೇ ದೊಡ್ಡ ತಪ್ಪು ಮಾಡಿದೆ. ಏಳನೇ ತಿಂಗಳಲ್ಲಿ ದಿನಾ ಸಂಜೆ ನಲವತ್ತು ಸಲ ಚೆಂಡು ಎಸೆಯುತ್ತಿದ್ದೆ. ದಣಿದರೆ ರಾತ್ರಿ ಸುಮ್ನೆ ಮಲಗುತ್ತದೆ ಅಂದುಕೊಂಡಿದ್ದೆ. ಆದದ್ದು ಉಲ್ಟಾ. ನನ್ನ ಕೈ ಎತ್ತಿದರೆ ಸಾಕು, ಬೆಲ್ಲ ಕುಯ್ಯೋ ಅಂತ ಕೂಗಲು ಶುರು. ಬಟ್ಟೆ ಹರವಲು ಕೈ ಎತ್ತಿದರೂ ಓಟ. ಆ ಚಟ ಬಿಡಿಸಲು ಎರಡು ತಿಂಗಳು ಹಿಡಿಯಿತು. ಕೀಲು ಬಲಿಯುವ ತನಕ, ಅಂದರೆ ವರ್ಷ, ಒಂದೂವರೆ ವರ್ಷದ ತನಕ ಇಷ್ಟೊಂದು ಓಡಿಸುವುದೂ ಒಳ್ಳೆಯದಲ್ಲ. ಈ ತಳಿಗೆ ಸೊಂಟದ ಕೀಲಿನ ತೊಂದರೆ ಮೊದಲೇ ಜಾಸ್ತಿ.

ಪರಿಹಾರ ಸುಲಭ, ತಾಳ್ಮೆ ಬೇಕು ಅಷ್ಟೆ. ಊಟದ ತಟ್ಟೆಯಿಂದ ಶುರು ಮಾಡಿ. ತಟ್ಟೆ ಇಡಿ, ‘ತಡಿ’ ಅನ್ನಿ. ಎದ್ದರೆ ತಟ್ಟೆ ಮೇಲೆ ಹೋಗುತ್ತದೆ. ಕೂತರೆ ಕೆಳಗೆ ಬರುತ್ತದೆ. ಆಮೇಲೆ ಬಯಲಲ್ಲಿ ಡಮ್ಮಿ ಎಸೆದು, ನೀವೇ ನಡೆದು ಹೋಗಿ ಎತ್ತಿಕೊಂಡು ಬನ್ನಿ. ಹೌದು, ನೀವೇ. ಹತ್ತು ಸಲ ಎಸೆದರೆ ಆರು ಸಲ ನೀವು ತನ್ನಿ. ಎಸೆದದ್ದೆಲ್ಲ ತನ್ನದಲ್ಲ ಅಂತ ಅದಕ್ಕೆ ನಿಧಾನಕ್ಕೆ ಗೊತ್ತಾಗುತ್ತದೆ. ದೂರದಿಂದ ಕರೆಯಲು ಸೀಟಿ ಅಭ್ಯಾಸ ಮಾಡಿಸಿ. ಒಂದು ಉದ್ದ ಊದಿದರೆ ಕೂರು, ಚಿಕ್ಕದಾಗಿ ನಾಲ್ಕೈದು ಸಲ ಊದಿದರೆ ಬಾ. ನಮ್ಮ ಮಳೆ ಸದ್ದಿನಲ್ಲಿ ಗಂಟಲು ಹರಿದು ಕೂಗಿದರೂ ಕೇಳುವುದಿಲ್ಲ, ಸೀಟಿ ಕೇಳುತ್ತದೆ.

ಕೋವಿ ಸದ್ದಿಗೆ ಅಭ್ಯಾಸ ಮಾಡಿಸುವ ಕ್ರಮವೇ ನಮಗೆ ದೀಪಾವಳಿಗೆ, ಗುಡುಗಿಗೆ, ಮಂಗ ಓಡಿಸುವ ಗರ್ನಾಲಿಗೆ ಬೇಕಾಗುತ್ತದೆ. ಊಟ ಮಾಡುವಾಗ ದೂರದಲ್ಲಿ ಒಬ್ಬರು ತಟ್ಟೆ ಬಡಿಯಲಿ. ಮರಿ ತಲೆ ಎತ್ತಿ ಮತ್ತೆ ಊಟಕ್ಕೆ ಇಳಿದರೆ ಸರಿ ಇದೆ. ಊಟ ಬಿಟ್ಟರೆ ಸದ್ದು ಜೋರಾಯ್ತು, ಇನ್ನೂ ದೂರ ಹೋಗಿ. ಹಿಂಸೆ ಮಾಡಿ ಹತ್ತಿರ ಎಳೆದು ತರಬೇಡಿ, ಒಂದೇ ಸಲ ಹೆದರಿದರೂ ಜನ್ಮಪೂರ್ತಿ ಉಳಿಯಬಹುದು.

[ದೃಶ್ಯ: ಕಿವಿ, ಬೆರಳ ಸಂದಿ ಹುಡುಕುತ್ತಿರುವ ಕೈ.]

ನಮ್ಮ ಊರಿಗೆ ಸೇರಿದ ಕೆಲವು ಮಾತು ಬೇಗ ಹೇಳಿಬಿಡುತ್ತೇನೆ. ಮಂಗನ ಕಾಯಿಲೆ 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಹರಡುವುದು ಉಣುಗಿನಿಂದ. ನವೆಂಬರಿನಿಂದ ಮೇ ತನಕ ಕಾಡಿನ ದರಕು (ಉದುರಿದ ಒಣ ಎಲೆ) ತುಳಿಯಲು ನಾಯಿ ಕರೆದುಕೊಂಡು ಹೋಗಬೇಡಿ, ಉಣುಗನ್ನು ಮನೆಗೆ ಹೊತ್ತು ತರಬಹುದು. ಮಳೆಗಾಲದಲ್ಲಿ ಉಂಬಳ, ಅಂದರೆ ಜಿಗಣೆ, ಹತ್ತಿದೆಯಾ ನೋಡಿ. ರಾತ್ರಿ ಅಂಗಳದಲ್ಲಿ ಕಟ್ಟಬೇಡಿ, ಚಿರತೆ ಓಡಾಡುವ ಊರುಗಳು ನಮ್ಮವು. ಊಟ ಅಳತೆಯಲ್ಲಿರಲಿ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕಕ್ಕೆ ಒಂದರಲ್ಲಿ ಹಸಿವು ಹೆಚ್ಚಿಸುವ ಜೀನ್ ಬದಲಾವಣೆ ಇದೆ ಅಂತ 2016ರಲ್ಲಿ ಕೇಂಬ್ರಿಡ್ಜ್ ಸಂಶೋಧಕರು ತೋರಿಸಿದ್ದಾರೆ. ಅದು ನಿಜವಾಗಿ ಹಸಿದೇ ಇರುತ್ತದೆ. ಪಾಪ ಅನ್ನಿಸಿದರೂ ಅಳತೆ ಮೀರಬೇಡಿ.

ನೀರಿಗೆ ಯಾವತ್ತೂ ಎತ್ತಿ ಹಾಕಬೇಡಿ. ನೀವು ಮೊದಲು ಮೊಣಕಾಲುದ್ದ ಇಳಿಯಿರಿ, ಅದು ತಾನಾಗಿ ಬರಲಿ. ಜನವರಿಯಲ್ಲಿ ಹಳ್ಳದ ನಿಂತ ಗುಂಡಿ ಒಳ್ಳೆಯದು. ಜೂನಿನಿಂದ ಸೆಪ್ಟೆಂಬರ್ ತನಕ ಹಳ್ಳವೂ ಬೇಡ, ಸಮುದ್ರವೂ ಬೇಡ. ಕಡಲಿಗೆ ಹೋದರೆ ಕುಡಿಯುವ ನೀರು ಒಯ್ಯಿರಿ, ಉಪ್ಪುನೀರು ಕುಡಿದರೆ ವಾಂತಿ ಭೇದಿ ಆಗುತ್ತದೆ. ಈಜಿದ ಮೇಲೆ ಕಿವಿಯೊಳಗೆ ಒಣ ಬಟ್ಟೆಯಿಂದ ಒರೆಸಿ, ಜೋತ ಕಿವಿಯಲ್ಲಿ ತೇವ ಉಳಿದರೆ ಸೋಂಕು ಆಗಬಹುದು.

[ದೃಶ್ಯ: ಕಾರವಾರದ ಹತ್ತಿರ ಮಾಜಾಳಿ ಕಡಲತೀರ, ಬೆಳಗ್ಗೆ. ದಡದಿಂದ ಬಲೆ ಎಳೆಯುತ್ತಿರುವ ಜನ.]

ಇದು ಹೋದ ಡಿಸೆಂಬರಿನದು. ಬೆಲ್ಲನಿಗೆ ಎರಡು ವರ್ಷ. ಬೆಳಗ್ಗೆ ರಂಪಣಿ ಎಳೆಯುತ್ತಿದ್ದರು. ಎರಡು ಕಡೆಯಿಂದ ಹಗ್ಗ, ಒಂದೇ ತಾಳಕ್ಕೆ ಹಿಂದೆ ಸರಿಯುವ ಕಾಲುಗಳು. ಬಲೆ ದಡ ಸೇರುತ್ತಿದ್ದ ಹಾಗೆ ತಾರ್ಲೆ ಮೀನು ಬೆಳ್ಳಗೆ ಪುಟಿಯಲು ಶುರು. ಮೇಲೆ ಕಡಲಹಕ್ಕಿಗಳ ಗದ್ದಲ. ‘ತಡಿ’ ಅಂದೆ. ಬೆಲ್ಲನ ಹಗ್ಗ ನನ್ನ ಕೈಯಲ್ಲಿ ಸಡಿಲ ಇತ್ತು, ನೋಡಿ. ಮುಂಗಾಲು ನಡುಗುತ್ತಿದೆ, ಮೂಗು ಕುಣಿಯುತ್ತಿದೆ, ಕುಂಡೆ ಮಾತ್ರ ಮರಳಿಂದ ಏಳಲಿಲ್ಲ.

ಬಲೆಯವರಲ್ಲಿ ಹಿರಿಯರೊಬ್ಬರು ಇದನ್ನೇ ನೋಡುತ್ತಿದ್ದರು. ಒಂದು ಮೀನು ಎತ್ತಿ ಮರಳಿಗೆ ಎಸೆದರು, ಹತ್ತು ಮಾರು ದೂರ. ಬೆಲ್ಲ ಮೀನನ್ನು ನೋಡಿತು. ಆಮೇಲೆ ನನ್ನನ್ನು ನೋಡಿತು. ‘ತಾ’ ಅಂದೆ.

[ದೃಶ್ಯ: ಅಂಗೈ ಮೇಲೆ ಮೀನು. ಹೊಟ್ಟೆಯ ಹುರುಪೆ ಹಾಗೇ ಹೊಳೆಯುತ್ತಿದೆ. ಬಾಲ ಒಮ್ಮೆ ಬಡಿಯುತ್ತದೆ.]

ಹಿರಿಯರು ಮೀನನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. ಒಂದು ಹಲ್ಲಿನ ಗುರುತೂ ಇರಲಿಲ್ಲ. ಏನೂ ಹೇಳದೆ ಬುಟ್ಟಿಗೆ ಹಾಕಿದರು. ನಾನು ಜೇಬಿನಿಂದ ಕ್ಯಾರೆಟ್ ಚೂರು ತೆಗೆದೆ.