ಹೆಸರಿಲ್ಲದ ಕೂಸು

ಕೇಳುಗರೇ, ನಮಸ್ಕಾರ.

1815ರ ಮಾರ್ಚ್ 19. ಲಂಡನ್ನಿನಲ್ಲಿ 17 ವರ್ಷದ ಮೇರಿ ದಿನಚರಿಯಲ್ಲಿ ಒಂದು ಕನಸು ಬರೆದಿಟ್ಟಳು. ತೀರಿಹೋದ ತನ್ನ ಕೂಸು ಮತ್ತೆ ಬದುಕಿದೆ. ಅದಕ್ಕೆ ಸುಮ್ನೆ ಚಳಿ ಹಿಡಿದಿತ್ತು, ಅಷ್ಟೇ. ಬೆಂಕಿಯ ಮುಂದೆ ಮೈ ಉಜ್ಜಿದರೆ ಜೀವ ಬಂತು. ಎಚ್ಚರವಾಗಿ ನೋಡಿದರೆ ಮಗುವಿಲ್ಲ.

ದಿನ ತುಂಬುವ ಮೊದಲೇ ಹುಟ್ಟಿದ ಆ ಹೆಣ್ಣು ಮಗು ಎರಡು ವಾರವೂ ಉಳಿದಿರಲಿಲ್ಲ. ದಿನಚರಿಯಲ್ಲಿ ಅದಕ್ಕೆ ಒಂದು ಹೆಸರೂ ಇಲ್ಲ.

ಮರುವರ್ಷ ಇದೇ ಮೇರಿ, ಮುಂದೆ ಮೇರಿ ಶೆಲ್ಲಿ ಎಂದು ಹೆಸರಾದವಳು, 'ಫ್ರಾಂಕೆನ್‌ಸ್ಟೈನ್' ಕಾದಂಬರಿ ಬರೆಯಲು ಕೂತಳು. ಆ ಹೆಸರು ದೈತ್ಯನದು ಅಂತ ನಾವು ಅಂದುಕೊಂಡಿದ್ದೇವೆ, ಅಲ್ವಾ? ಅದು ಅವನನ್ನು ಮಾಡಿದ ವಿಕ್ಟರನ ಹೆಸರು. ಹೆಣದ ತುಂಡುಗಳಿಗೆ ಜೀವ ಕೊಟ್ಟವನು, ಅದು ಕಣ್ಣು ಬಿಟ್ಟ ಕೂಡಲೇ ಹೆದರಿ ಓಡಿಹೋದ. ಇನ್ನು ಹೆಸರಿಡುವವರು ಯಾರು?

ಈ ಕಾದಂಬರಿ ಹುಟ್ಟಿದ ಕಥೆ ಹೇಳುವವರೆಲ್ಲ ಜಿನೀವಾ ಸರೋವರದ ದಂಡೆಗೆ ಹೋಗುತ್ತಾರೆ. ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ 1815ರಲ್ಲಿ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬಿಡದ ಮಳೆ. ಆ ದಂಡೆಯಲ್ಲಿ ಮೇರಿಯೂ ಗೆಳೆಯರೂ ಮನೆಯೊಳಗೆ ಕೂತು ಬೇಜಾರಾದಾಗ, ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಎಂದ ಕವಿ ಬೈರನ್. ನಿಜವೇ. ಆದರೆ ಆ ಮಳೆಗೆ ಸಿಕ್ಕ ಹೊಗಳಿಕೆ ಸ್ವಲ್ಪ ಜಾಸ್ತಿಯಾಯಿತು ಅಂತ ನನಗನ್ನಿಸುತ್ತದೆ.

ಮೇರಿ ಹುಟ್ಟಿದ್ದು 1797ರ ಆಗಸ್ಟ್ 30ರಂದು. ಹೆಣ್ಣಿನ ಹಕ್ಕಿಗಾಗಿ ಬರೆದ ತಾಯಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಸೆಪ್ಟೆಂಬರ್ 10ರಂದು ಬಾಣಂತಿ ಜ್ವರದಿಂದ ತೀರಿಹೋದಳು. ಹೊರಬೀಳದ ಮಾಸನ್ನು ವೈದ್ಯ ಕೈಹಾಕಿ ತೆಗೆದಿದ್ದ. ಕೈ ತೊಳೆಯಬೇಕೆಂದು ಆಗ ಗೊತ್ತಿರಲಿಲ್ಲ. ತನ್ನ ಹುಟ್ಟೇ ತಾಯಿಯ ಸಾವು ಎಂದು ತಿಳಿದು ಬೆಳೆದ ಹುಡುಗಿ ಇವಳು. ಇನ್ನೊಂದು ಕಡೆ ಅದೇ ಲಂಡನ್ನಿನಲ್ಲಿ, 1803ರಲ್ಲಿ, ಗಲ್ಲಿಗೇರಿದವನೊಬ್ಬನ ಹೆಣಕ್ಕೆ ಆಲ್ಡಿನಿ ಎಂಬ ಇಟಲಿಯ ವಿಜ್ಞಾನಿ ವಿದ್ಯುತ್ ಹಾಯಿಸಿದ್ದ. ದವಡೆ ಅದುರಿತು, ಒಂದು ಕಣ್ಣು ತೆರೆಯಿತು. ಸತ್ತದ್ದನ್ನು ಎಬ್ಬಿಸಬಹುದೇನೋ ಎಂದು ಓದಿದವರೇ ಮಾತಾಡಿಕೊಳ್ಳುತ್ತಿದ್ದ ಕಾಲ.

ಕಾದಂಬರಿಯಲ್ಲಿ ದೈತ್ಯ ಮೊದಲು ಕೊಲ್ಲುವುದು ವಿಲಿಯಂ ಎಂಬ ಪುಟ್ಟ ಹುಡುಗನನ್ನು. ಅದನ್ನು ಬರೆಯುವಾಗ ಮೇರಿಗೆ ಒಂದು ಗಂಡು ಕೂಸಿತ್ತು. ಅದರ ಹೆಸರೂ ವಿಲಿಯಂ! ಬರೆಯುವಾಗ ಅವಳ ಕೈ ನಡುಗಲಿಲ್ಲವೇ?

1818ರ ಜನವರಿ 1ರಂದು ಪುಸ್ತಕ ಹೊರಬಂತು. ಬರೇ 500 ಪ್ರತಿ. ಬರೆದವಳ ಹೆಸರಿಲ್ಲ. ಮುನ್ನುಡಿ ಗಂಡ ಪರ್ಸಿ ಶೆಲ್ಲಿಯದಾದ್ದರಿಂದ ಕಾದಂಬರಿಯೂ ಅವನದೇ ಎಂದುಕೊಂಡವರಿದ್ದರು.

ಆದರೆ ಒಳಗೆ ನೋಡಿ. ಇಡೀ ಕಥೆ ಹಡಗಿನಿಂದ ವಾಲ್ಟನ್ ಎಂಬ ಪಾತ್ರ ತನ್ನ ಒಡಹುಟ್ಟಿದವಳಿಗೆ ಬರೆದ ಕಾಗದಗಳಲ್ಲಿದೆ. ಅವಳು ಮಾರ್ಗರೆಟ್ ವಾಲ್ಟನ್ ಸ್ಯಾವಿಲ್. ಎಂ, ಡಬ್ಲ್ಯೂ, ಎಸ್. ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಶೆಲ್ಲಿಯ ಮೊದಲಕ್ಷರಗಳೂ ಅವೇ.

ನಮಸ್ಕಾರ.