ಆಂಬಿಷನ್ ಅನ್ನೋ ಪದಕ್ಕೆ ಕಾಲಿದೆ

ನಮಸ್ಕಾರ. ಎಸ್ಸೆಸ್ಸೆಲ್ಸಿ ಮುಗಿಯುವಾಗ ಆಟೋಗ್ರಾಫ್ ಪುಸ್ತಕ ಕೈಯಿಂದ ಕೈಗೆ ಓಡಾಡುತ್ತಿತ್ತು, ನೆನಪಿದೆಯಾ? ಹೆಸರು, ಊರು, ಇಷ್ಟದ ಬಣ್ಣ, ಆಮೇಲೆ 'ಆಂಬಿಷನ್'. ನಾನು 'ಡಾಕ್ಟರ್' ಅಂತ ಬರೆದಿದ್ದೆ. ಆಂಬಿಷನ್ ಅಂದರೆ ಮನಸ್ಸಿನೊಳಗಿನ ದೊಡ್ಡ ಆಸೆ ಅಂತಲೇ ತಿಳಿದಿದ್ದೆ. ಕನ್ನಡದಲ್ಲಿ ನಾವು ಹೇಳುವ ಮಹತ್ವಾಕಾಂಕ್ಷೆಯಲ್ಲೂ ಆಸೆಯೇ ಇದೆ, ಅಲ್ವಾ? ಆದರೆ ಆಂಬಿಷನ್ನಿನ ಲ್ಯಾಟಿನ್ ಬೇರಿನಲ್ಲಿ ಇರುವುದು ಆಸೆಯಲ್ಲ, ನಡಿಗೆ.

'ಅಂಬಿ' ಅಂದರೆ ಸುತ್ತ. 'ಈರೆ' ಅಂದರೆ ಹೋಗು. ಸೇರಿದರೆ 'ಅಂಬೀರೆ', ಅಂದರೆ ಸುತ್ತಾಡು. ಹಳೇ ರೋಮಿನಲ್ಲಿ ವೋಟು ಕೇಳುತ್ತಾ ಸುತ್ತುವುದಕ್ಕೆ ಇದೇ ಪದ.

ಅದನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಊರ ನಡುವಿನ ಚೌಕ, ಅಂದರೆ ಜನ ತುಂಬಿದ ಫೋರಂ. ಚುನಾವಣೆಗೆ ನಿಂತವನು ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿದ ಟೋಗಾ ಹೊದ್ದು ಬರುತ್ತಾನೆ. ಬೆಳ್ಳಗೆ ಹೊಳೆಯುವುದಕ್ಕೆ ಅವರು 'ಕ್ಯಾಂಡಿಡುಸ್' ಅನ್ನುತ್ತಿದ್ದರು. ಕ್ಯಾಂಡಿಡೇಟ್ ಅನ್ನುವ ಪದ ಬಂದಿದ್ದು ಆ ಬಟ್ಟೆಯಿಂದಲೇ. ಪಕ್ಕದಲ್ಲಿ ಒಬ್ಬ ಗುಲಾಮ. ಎದುರಿಗೆ ಬರುವವರ ಹೆಸರನ್ನು ಯಜಮಾನನ ಕಿವಿಯಲ್ಲಿ ಉಸುರುವುದೇ ಅವನ ಕೆಲಸ. ಯಜಮಾನ ಹೆಸರು ಹಿಡಿದು ಮಾತಾಡಿಸಿ, ಕೈ ಹಿಡಿದು ವೋಟು ಕೇಳುತ್ತಾನೆ. ಆಮೇಲೆ ಮುಂದಿನವನು.

ಇದೇ ಬೇರಿನ ಇನ್ನೊಂದು ಪದ 'ಅಂಬಿಟುಸ್'. ಅದು ದುಡ್ಡು ಹಂಚಿ ವೋಟು ಪಡೆಯುವ ಅಪರಾಧದ ಹೆಸರಾಯಿತು. ಕ್ರಿ.ಪೂ. 63ರಲ್ಲಿ ಕಾನ್ಸಲ್ (ರೋಮಿನ ಅತ್ಯುನ್ನತ ಅಧಿಕಾರಿ) ಆಗಿದ್ದ ಸಿಸೆರೊ ತಂದ ಕಾನೂನಿನಲ್ಲಿ ಅದಕ್ಕೆ 10 ವರ್ಷ ಗಡೀಪಾರು. ಅದೇ ವರ್ಷ ಚುನಾವಣೆ ಗೆದ್ದು ಅದೇ ಆರೋಪ ಹೊತ್ತ ಮುರೇನಾ ಅನ್ನುವವನ ಪರ ವಾದ ಮಾಡಿ ಬಿಡಿಸಿಕೊಂಡು ಬಂದವನೂ ಸಿಸೆರೊನೇ. ಕೇಳಿಕೊಂಡು ಸುತ್ತುವುದಕ್ಕೂ ಕೊಂಡುಕೊಂಡು ಸುತ್ತುವುದಕ್ಕೂ ನಡುವಿನ ಗೆರೆ ಆಗಲೇ ಅಷ್ಟು ತೆಳ್ಳಗಿತ್ತು.

ಇಂಗ್ಲಿಷಿಗೆ ಬರುವಾಗಲೂ ಆಂಬಿಷನ್ನಿನ ಹೆಸರು ಕೆಟ್ಟೇ ಇತ್ತು. ಅಧಿಕಾರ, ಗೌರವಗಳಿಗೆ ಹಪಹಪಿಸುವುದು ಅನ್ನುವ ಅರ್ಥ. ಹೊಗಳಿಕೆಯಾಗಿದ್ದು ಬಹಳ ಆಮೇಲೆ.

ನನಗೆ ಬೇಜಾರು ಒಂದೇ. ಈ ದಾರಿಯಲ್ಲಿ ಎದುರಿಗಿದ್ದ ಮನುಷ್ಯ ಕಳೆದುಹೋದ. ಈಗ ಆಂಬಿಷನ್ ಅಂದರೆ ಒಬ್ಬನೇ ಕೂತು ಕಾಣುವ ಕನಸು, ಒಬ್ಬನೇ ಗೆಲ್ಲುವ ಗೆಲುವು. ಮೂಲದಲ್ಲಿ ಅದು ಇನ್ನೊಬ್ಬರ ಹತ್ತಿರ ಹೋಗುವುದು, ಹೆಸರು ಹಿಡಿದು ಕರೆಯುವುದು, ಕೇಳುವುದು. ಕೇಳುವುದಕ್ಕೆ ನಾಚಿಕೆಪಡುವ ಮಕ್ಕಳನ್ನು ನೋಡಿದಾಗಲೆಲ್ಲ ಈ ಹಳೇ ಅರ್ಥ ವಾಪಸ್ ಬರಬೇಕು ಅನಿಸುತ್ತದೆ.

ಆ ಆಟೋಗ್ರಾಫ್ ಪುಟ ಈಗ ಸಿಕ್ಕರೆ 'ಡಾಕ್ಟರ್' ಅಂತ ಬರೆಯಲ್ಲ. ಸಂಜೆ ಮನೆಗೆ ಹೋಗಿ ಕೇಳಿದಾಗಲೆಲ್ಲ ಲೆಕ್ಕ ಹೇಳಿಕೊಟ್ಟ ಮೇಷ್ಟ್ರ ಹೆಸರು, ಫೀಸಿಗೆ ಅಂತ ಕೇಳಿದ ದಿನವೇ ದುಡ್ಡು ಎಣಿಸಿಕೊಟ್ಟ ಅತ್ತೆಯ ಹೆಸರು ಬರೆಯುತ್ತೇನೆ.