ಮನೆ ಬದಲಾಯಿಸುವಾಗ ಮೀನಿಗೂ ಉಪವಾಸ

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನಿಂದ ಹುಬ್ಬಳ್ಳಿಗೆ ವರ್ಗ ಆಗಿದೆ ಅಂದುಕೊಳ್ಳಿ. 400 ಕಿಲೋಮೀಟರ್ ಆಚೀಚೆ, ಏಳೆಂಟು ಗಂಟೆಯ ದಾರಿ. ಮಂಚ, ಬೀರು, ಪಾತ್ರೆಗಳೆಲ್ಲ ಲಾರಿ ಹತ್ತುತ್ತವೆ. ಹಾಲ್‌ನಲ್ಲಿರುವ ಎರಡಡಿ ತೊಟ್ಟಿ, ಅದರೊಳಗಿನ ಮೋಲಿ, ಟೆಟ್ರಾ, ಕೋರಿಡೋರಸ್ ಮೀನುಗಳ ಗತಿಯೇನು?

ದಾರಿಯಲ್ಲಿ ಮೀನು ಉಸಿರುಕಟ್ಟಿ ಸಾಯುತ್ತದೆಂಬ ಭಯ ಎಲ್ಲರಿಗೂ ಇದ್ದದ್ದೇ. ಆದರೆ ಒಯ್ಯುವ ಪ್ಲಾಸ್ಟಿಕ್ ಚೀಲದೊಳಗೆ ಅದು ತಾನೇ ಹೊರಹಾಕುವ ಅಮೋನಿಯಾ ಕೂಡ ಅಷ್ಟೇ ಅಪಾಯ. ಹಾಗಾಗಿ ಹೊರಡುವ ಮೊದಲು ಸಣ್ಣ ಮೀನಿಗೆ ಒಂದು ದಿನ, ಗೋಲ್ಡ್‌ಫಿಶ್‌ನಂಥ ದೊಡ್ಡದಕ್ಕೆ ಎರಡು ದಿನ ಆಹಾರ ಬೇಡ. ಪಾಪ, ಹಸಿದಿರುತ್ತೆ ಅಂತ ಮನೆಯ ಹಿರಿಯರು ಒಂದು ಚಿಟಿಕೆ ಹಾಕಿಬಿಡುತ್ತಾರೆ; ಅವರಿಗೆ ಮೊದಲೇ ಹೇಳಿಡಿ.

ಹೊರಡುವ ದಿನ ಮೊದಲು ತೊಟ್ಟಿಯ ಮೇಲ್ಭಾಗದ ತಿಳಿನೀರನ್ನು 20 ಲೀಟರಿನ ಎರಡು ಕ್ಯಾನುಗಳಿಗೆ ತುಂಬಿಕೊಳ್ಳಿ. ಆಮೇಲೆ ಕಲ್ಲು, ಗಿಡ ತೆಗೆದು, ಅಡಿಯಲ್ಲಿ ಉಳಿದ ನೀರಿನಲ್ಲಿ ಮೀನು ಹಿಡಿಯಿರಿ. ತುಂಬಿದ ತೊಟ್ಟಿಯಲ್ಲಿ ಬಲೆ ಹಿಡಿದು ಅಟ್ಟಾಡಿಸಿದರೆ ಹೊರಡುವ ಮೊದಲೇ ಅವು ಸೋತಿರುತ್ತವೆ.

ಚೀಲದಲ್ಲಿ ಮೂರನೇ ಒಂದು ಪಾಲು ನೀರು, ಉಳಿದದ್ದು ಗಾಳಿ. ಬಾಯಿಂದ ಊದಿ ಕಟ್ಟಬೇಡಿ, ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಅದರೊಳಗೆ ಸೇರುತ್ತದೆ. ಮೀನಿನ ಅಂಗಡಿಯಲ್ಲಿ ಕೇಳಿದರೆ ಆಕ್ಸಿಜನ್ ತುಂಬಿ, ಬಾಯಿ ತಿರುಚಿ ರಬ್ಬರ್ ಬ್ಯಾಂಡ್ ಹಾಕಿಕೊಡುತ್ತಾರೆ. ಆ ಚೀಲವನ್ನು ತಲೆಕೆಳಗು ಮಾಡಿ ಇನ್ನೊಂದು ಚೀಲದಲ್ಲಿಡಿ. ಆಗ ಮೂಲೆಗಳು ಮಡಚಿಕೊಂಡು, ಪುಟ್ಟ ಮೀನು ಅಲ್ಲಿ ಸಿಕ್ಕಿ ನಜ್ಜುಗುಜ್ಜಾಗುವುದು ತಪ್ಪುತ್ತದೆ. ಕೋರಿಡೋರಸ್‌ನ ರೆಕ್ಕೆಗಳಲ್ಲಿ ಗಟ್ಟಿ ಮುಳ್ಳುಗಳಿವೆ, ಚೀಲ ತೂತಾಗುತ್ತದೆ. ಅವಕ್ಕೆ ಮುಚ್ಚಳದ ಬಕೆಟ್ಟೂ ಬ್ಯಾಟರಿಯ ಗಾಳಿ ಪಂಪೂ ಸರಿ.

ಚೀಲಗಳನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಒತ್ತಾಗಿ ಜೋಡಿಸಿ, ಸಂದಿಗೆ ಹಳೇ ಪೇಪರ್ ತುರುಕಿ. ಚೆನ್ನೈನ ಕೊಳತ್ತೂರಿನಂಥ ದೊಡ್ಡ ಮಾರುಕಟ್ಟೆಯಿಂದ ಮೀನು ದೂರ ಹೋಗುವುದೂ ಇಂಥ ಪೆಟ್ಟಿಗೆಯಲ್ಲೇ. ಒಳಗಿನ ಕತ್ತಲೆಯಲ್ಲಿ ಮೀನು ಶಾಂತವಾಗಿರುತ್ತದೆ, ಬಿಸಿಲಿನ ಕಾವೂ ಬೇಗ ತಾಗದು. ಪೆಟ್ಟಿಗೆ ನಿಮ್ಮ ಜೊತೆ ಕಾರಿನ ಸೀಟಿನ ಕೆಳಗಿರಲಿ, ಡಿಕ್ಕಿಯಲ್ಲಿ ಬೇಡ. ಚಿತ್ರದುರ್ಗದಲ್ಲಿ ಊಟಕ್ಕಿಳಿದಾಗ ಗಾಡಿಯನ್ನು ನೆರಳಿಗೆ ಹಾಕಿ. ಹೇಗಿವೆ ನೋಡೋಣ ಅಂತ ಚೀಲ ಬಿಚ್ಚಲೇಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಫಿಲ್ಟರ್ ಸ್ಪಂಜನ್ನು ನಲ್ಲಿ ನೀರಲ್ಲಿ ತೊಳೆಯಬೇಡಿ. ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಅದರಲ್ಲೇ ಮನೆ ಮಾಡಿರುತ್ತವೆ. ಕ್ಲೋರಿನ್ ತಗುಲಿದರೆ ಸಾಯುತ್ತವೆ. ಡಬ್ಬಿಯಲ್ಲಿ ಸ್ವಲ್ಪ ತೊಟ್ಟಿ ನೀರು ಹಾಕಿ ಸ್ಪಂಜಿಟ್ಟು, ಮುಚ್ಚಳ ಸಡಿಲ ಬಿಡಿ. ಖಾಲಿ ತೊಟ್ಟಿಯೊಳಗೆ ಜಲ್ಲಿಯನ್ನೂ ಉಳಿಸಬೇಡಿ. ರಸ್ತೆಯ ಕುಲುಕಿಗೆ ಮೂಲೆಯ ಗಾಜು ಹಿಡಿದಿಟ್ಟ ಸಿಲಿಕೋನ್ ಅಂಟು ಬಿಡುತ್ತದೆ.

ಹುಬ್ಬಳ್ಳಿ ಮುಟ್ಟಿದ ಮೇಲೆ ಮಂಚ ಜೋಡಿಸುವ ಮೊದಲು ತೊಟ್ಟಿ ಕೂರಿಸಿ. ಕ್ಯಾನಿನ ನೀರು ಸುರಿದು, ಕ್ಲೋರಿನ್ ತೆಗೆದ ಹೊಸ ನೀರನ್ನು ಕಡಿಮೆ ಬಿದ್ದಷ್ಟೇ ಸೇರಿಸಿ, ಫಿಲ್ಟರ್ ಓಡಿಸಿ. ಬಿಗಿದ ಚೀಲವನ್ನು ಹದಿನೈದಿಪ್ಪತ್ತು ನಿಮಿಷ ತೇಲಿಬಿಟ್ಟರೆ ಎರಡೂ ನೀರಿನ ಬಿಸಿ ಒಂದಾಗುತ್ತದೆ.

ಈಗ ಆ ಕಾರಣ. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿ ನೀರು ಆಮ್ಲೀಯವಾಗಿರುತ್ತದೆ. ಅಂಥ ನೀರಲ್ಲಿ ಅಮೋನಿಯಾದ ಬಹುಪಾಲು ಅಮೋನಿಯಂ ಆಗಿರುತ್ತದೆ. ಅದರ ವಿಷ ಕಡಿಮೆ. ಚೀಲ ಬಿಚ್ಚಿದರೆ ಡೈಆಕ್ಸೈಡ್ ಹೊರಟು, ಪಿಎಚ್ ಏರಿ, ಅಂದರೆ ನೀರಿನ ಆಮ್ಲೀಯತೆ ಇಳಿದು, ಅಮೋನಿಯಂ ಮತ್ತೆ ಅಮೋನಿಯಾ ಆಗುತ್ತದೆ, ಕಿವಿರು ಸುಡುತ್ತದೆ. ಬಿಚ್ಚಿಟ್ಟು ಗಂಟೆಗಟ್ಟಲೆ ಲೋಟಲೋಟ ಹೊಸ ನೀರು ಬೆರೆಸುವುದು ದೂರ ಪ್ರಯಾಣದ ಮೀನಿಗೆ ಸಲ್ಲದು. ತೊಟ್ಟಿಯಲ್ಲಿ ಬಹುಪಾಲು ಹಳೆಯ ನೀರೇ ಇರುವಾಗ ಆ ಕೆಲಸವೂ ಬೇಕಿಲ್ಲ. ಬಿಚ್ಚಿ, ಬಲೆಯಲ್ಲಿ ಎತ್ತಿ ಬಿಡಿ. ಚೀಲದ ನೀರು ಚರಂಡಿಗೆ.

ಆ ರಾತ್ರಿ ತೊಟ್ಟಿಯ ದೀಪ ಹಾಕಬೇಡಿ, ಆಹಾರ ಮರುದಿನಕ್ಕಿರಲಿ. ಒಂದು ವಾರ ಅರ್ಧ ಆಹಾರ ಸಾಕು. ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದರೆ ಕಾಲುಭಾಗ ನೀರು ಬದಲಾಯಿಸಿ, ಗಾಳಿ ಪಂಪ್ ಜೋರು ಮಾಡಿ. ನಮಸ್ಕಾರ.